ದೇಶಕ್ಕೆ ದೇಶವೇ ಎಡ ಬಿಟ್ಟು ಬಲಕ್ಕೆ ಹೊರಳೋದು ಯಾಕೆ? ಮೂಡಿಗೆರೆ ರಸ್ತೆಯಲ್ಲಿ ಇವತ್ತು ಆದದ್ದು

ಹೇಮಾವತಿ_ತೀರ · ಭಾನುವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಬೆಳಗ್ಗೆಯಿಂದ ಕೈನಡುಕ ಪೂರ್ತಿ ನಿಂತಿಲ್ಲ, ಆದರೂ ಬರೀತಿದ್ದೀನಿ.

ಅಕ್ಕ, ಭಾವ ಹನ್ನೊಂದು ವರ್ಷದಿಂದ ಅಮೆರಿಕದಲ್ಲಿದ್ದಾರೆ. ತಂಗಿ ಮದುವೆಗೆ ಅಂತ ಹಾಸನಕ್ಕೆ ಬಂದಿದ್ದಾರೆ. ಇವತ್ತು ನಾನು, ಭಾವ, ಅಮ್ಮ ಮೂವರೂ ಲಗ್ನಪತ್ರಿಕೆ ಕೊಡೋಕೆ ಸಕಲೇಶಪುರದಿಂದ ಹಾನುಬಾಳು ಮೇಲೆ ಮೂಡಿಗೆರೆ ಕಡೆ ಹೊರಟಿದ್ವಿ. ಭಾವನೇ ಓಡಿಸ್ತಿದ್ರು. ಹಾಸನದಿಂದ ಅಲ್ಲೀವರೆಗೆ ಒಂದು ತಪ್ಪೂ ಮಾಡಿರಲಿಲ್ಲ. ದಾರಿಯಲ್ಲಿ ಒಂದು ಬಂಕಲ್ಲಿ ಡೀಸೆಲ್ ಹಾಕಿಸಿದ್ವಿ. ಮಂಜು ಇನ್ನೂ ಕರಗಿರಲಿಲ್ಲ, ರಸ್ತೆಯಲ್ಲಿ ಒಂದು ನರಪಿಳ್ಳೆಯೂ ಇಲ್ಲ. ಬಂಕಿಂದ ಹೊರಗೆ ಬಂದವರು ಸೀದಾ ಹೋಗಿ ಬಲಗಡೆ ಸೇರಿಕೊಂಡ್ರು. ನನ್ನ ಗಮನಕ್ಕೂ ಬರಲಿಲ್ಲ, ಮುಂದಿನ ಮನೆಯವರ ಹತ್ರ ಫೋನಲ್ಲಿ ದಾರಿ ಕೇಳ್ತಿದ್ದೆ. ಇನ್ನೂರು ಮೀಟರ್ ಹೋಗಿರಬಹುದು, ತಿರುವಿನಲ್ಲಿ ಎದುರಿಗೆ ಪಿಕಪ್ಪು. ಹಿಂದೆ ಕಾಫಿ ಕುಯ್ಲಿಗೆ ಹೊರಟ ಹೆಂಗಸರು ನಿಂತಿದ್ರು.

ಪಿಕಪ್ ಹುಡುಗ ಗಾಬರಿಯಲ್ಲಿ ತನ್ನ ಎಡಕ್ಕೆ ಎಳೆದ. ಭಾವ ಗಾಬರಿಯಲ್ಲಿ ತಮ್ಮ ಬಲಕ್ಕೆ ಎಳೆದ್ರು. ಎರಡೂ ರಸ್ತೆಯ ಒಂದೇ ಅಂಚು. ಇಬ್ಬರೂ ಅವರವರಿಗೆ ರೂಢಿಯಾದದ್ದನ್ನೇ ಮಾಡಿದ್ದು. ಗಾಡಿ ಎರಡೂ ನಿಂತಾಗ ನಡುವೆ ಒಂದು ಮೊಳ ಜಾಗ ಉಳಿದಿತ್ತು. ಯಾರಿಗೂ ಏನೂ ಆಗಲಿಲ್ಲ, ದೇವರು ದೊಡ್ಡವನು. ಭಾವ ಇಳಿದು ಹೋಗಿ ಆ ಹುಡುಗನ ಕೈ ಹಿಡ್ಕೊಂಡು ಕ್ಷಮೆ ಕೇಳಿದ್ರು. ಅವನೂ ನಡುಗ್ತಿದ್ದ.

ರಾತ್ರಿ ಊಟಕ್ಕೆ ಕೂತಾಗ ಭಾವ ಹೇಳಿದ್ರು, "ಒಬ್ಬ ಮನುಷ್ಯನಿಗೇ ಇಷ್ಟು ಕಷ್ಟ, ಸ್ವೀಡನ್ ದೇಶ ಪೂರ್ತಿ ಒಂದೇ ಬೆಳಗ್ಗೆ ಬದಲಾಯ್ತು" ಅಂತ. ಅವಾಗಿಂದ ತಲೆಯಲ್ಲಿ ಅದೇ ಕೊರೀತಿದೆ. ಹೆಂಗೆ ಬದಲಾಯಿಸಿದ್ರು ಅನ್ನೋದಕ್ಕಿಂತ, ಯಾಕೆ? ಚೆನ್ನಾಗಿ ನಡೀತಿರೋ ಅಭ್ಯಾಸವನ್ನು ಒಂದು ದೇಶ ಯಾವ ಲಾಭಕ್ಕೆ ತಿರುವಿ ಹಾಕುತ್ತೆ? ಗೊತ್ತಿರೋರು ದಯವಿಟ್ಟು ಬರೀರಿ.

ಚಿಕ್ಕಮಗಳೂರು_ರೈಡರ್ · ಭಾನುವಾರ ರಾತ್ರಿ 9:58

ಎಲ್ಲರೂ ಕ್ಷೇಮ ಅಂತ ಓದಿ ಸಮಾಧಾನ ಆಯ್ತು ಅಣ್ಣ.

ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡ್ತೀನಿ: ನಾವೂ ಬಲಕ್ಕೆ ಹೋಗಬೇಕು. ಪ್ರಪಂಚದ ಜನರಲ್ಲಿ ಮೂರರಲ್ಲಿ ಎರಡು ಪಾಲು ಬಲಗಡೆಯೇ ಓಡಿಸೋದು. ಎಡ ಅನ್ನೋದು ಬ್ರಿಟಿಷರು ಬಿಟ್ಟುಹೋದ ಅಭ್ಯಾಸ, ಅದನ್ನೇ ಯಾಕೆ ತಬ್ಬಿಕೊಂಡಿರಬೇಕು? ನಮ್ಮಲ್ಲಿ ಹೆಚ್ಚಿನವರು ಬಲಗೈಯವರು, ಗೇರನ್ನು ಬಲಗೈಯಲ್ಲಿ ಹಾಕೋದೇ ಸಹಜ. ಅಪಘಾತವೂ ಕಡಿಮೆ ಆದೀತು. ನಿಮ್ಮ ಭಾವನಿಗೆ ಆದಂಥದ್ದು ಯಾರಿಗೂ ಆಗೋದೇ ಇಲ್ಲ.

ಇತಿಹಾಸ_ಮೇಷ್ಟ್ರು · ಭಾನುವಾರ ರಾತ್ರಿ 10:31

ರೈಡರ್ ಅವರೇ, ಅಪಘಾತದ ಮಾತನ್ನು ಮೊದಲು ಮುಗಿಸೋಣ. ಬ್ರಿಟನ್, ಜಪಾನ್ ಎಡಕ್ಕೆ ಓಡಿಸುವ ದೇಶಗಳು. ಸ್ವೀಡನ್, ನಾರ್ವೆ ಬಲಕ್ಕೆ. ರಸ್ತೆಯಲ್ಲಿ ಸಾಯುವವರ ಪ್ರಮಾಣ ತೀರಾ ಕಡಿಮೆ ಇರುವ ದೇಶಗಳ ಸಾಲಿನಲ್ಲಿ ಈ ನಾಲ್ಕೂ ಇವೆ. ಜೀವ ಉಳಿಸುವುದು ಬದಿಯಲ್ಲ. ಎಲ್ಲರೂ ಒಂದೇ ಬದಿಗೆ ಹೋಗುತ್ತಾರೆಂಬ ನಂಬಿಕೆ.

ಎಡ ಬ್ರಿಟಿಷರ ಬಳುವಳಿ ಎಂಬುದು ನಮ್ಮ ಮಟ್ಟಿಗೆ ನಿಜ. ಲಂಡನ್ ಸೇತುವೆಯ ನೂಕುನುಗ್ಗಲು ತಡೆಯಲಾರದೆ 1722ರಲ್ಲಿ ಅಲ್ಲಿನ ಮೇಯರ್ ಎಲ್ಲ ಗಾಡಿಗಳೂ ಎಡಕ್ಕೆ ಹೋಗಬೇಕೆಂದು ಅಪ್ಪಣೆ ಮಾಡಿದ. 1835ರಲ್ಲಿ ಅದು ಕಾಯ್ದೆಯೇ ಆಯಿತು. ಆದರೆ ಜಪಾನ್ ಬ್ರಿಟಿಷರ ಕೈಕೆಳಗಿರಲಿಲ್ಲ, ಅಲ್ಲೂ ಎಡವೇ. ಅತ್ತ ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1792ರಲ್ಲಿ ಬಲಕ್ಕೆ ಹೋಗಬೇಕೆಂಬ ಕಾನೂನು ಬಂತು. ಅದಕ್ಕೆ ಕೊಡುವ ವಿವರಣೆ ನನಗೆ ಬಹಳ ಹಿಡಿಸುತ್ತದೆ. ಅಲ್ಲಿನ ದೊಡ್ಡ ಸರಕು ಗಾಡಿಗಳಿಗೆ ನಾಲ್ಕಾರು ಕುದುರೆ ಕಟ್ಟುತ್ತಿದ್ದರು. ಗಾಡಿಯವನು ಎಡಸಾಲಿನ ಕೊನೆಯ ಕುದುರೆಯ ಮೇಲೆ ಕೂರುತ್ತಿದ್ದ, ಬಲಗೈಯ ಚಾವಟಿ ಎಲ್ಲ ಕುದುರೆಗಳಿಗೂ ಎಟುಕಲಿ ಎಂದು. ಹಾಗೆ ಕೂತವನಿಗೆ ಎದುರು ಗಾಡಿ ತನ್ನ ಎಡಪಕ್ಕದಿಂದ ದಾಟಿದರೆ ಮಾತ್ರ ಚಕ್ರಕ್ಕೆ ಚಕ್ರ ತಾಗುವುದೋ ಇಲ್ಲವೋ ಕಾಣುತ್ತದೆ. ಆದ್ದರಿಂದ ಅವನು ರಸ್ತೆಯ ಬಲಕ್ಕೆ ಸರಿದ.

ಆಮೇಲೆ ಬದಲಾದ ದೇಶಗಳಲ್ಲಿ ಹಲವಕ್ಕೆ ಬದಲಾವಣೆ ಹೊರಗಿನಿಂದ ಬಂತು. ವಿಯೆನ್ನಾ ನಗರ 1938ರವರೆಗೆ ಎಡಕ್ಕೆ ಹೋಗುತ್ತಿತ್ತು. ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದ ವರ್ಷವೇ ಬಲಕ್ಕೆ ತಿರುಗಿತು. ಓಕಿನಾವಾ ದ್ವೀಪವನ್ನು ಯುದ್ಧದ ನಂತರ ಅಮೆರಿಕ ಆಳಿದ್ದರಿಂದ ಅಲ್ಲಿ ಬಲ. 1972ರಲ್ಲಿ ಅದು ಜಪಾನಿಗೆ ಮರಳಿತು. ಒಂದು ದೇಶದಲ್ಲಿ ಒಂದೇ ಬದಿ ಇರಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದ ಇದ್ದುದರಿಂದ 1978ರ ಜುಲೈ 30ರಂದು ಇಡೀ ದ್ವೀಪ ಎಡಕ್ಕೆ ಬಂತು.

ಇದಕ್ಕೆಲ್ಲ ಕೀಲಿಕೈ ನಮ್ಮ ನೆರೆಯ ಗೋವಾದಲ್ಲಿದೆ ಎಂದು ನನ್ನ ಎಣಿಕೆ. ಪೋರ್ಚುಗಲ್ 1928ರಲ್ಲಿ ಬಲಕ್ಕೆ ಬದಲಾಯಿತು, ಆದರೆ ಅದರದ್ದೇ ಆಳ್ವಿಕೆಯಲ್ಲಿದ್ದ ಗೋವಾ ಎಡದಲ್ಲೇ ಉಳಿಯಿತು. ಸುತ್ತಲ ಬ್ರಿಟಿಷ್ ಇಂಡಿಯಾ ಎಡಕ್ಕೆ ಹೋಗುತ್ತಿರುವಾಗ ಗೋವಾ ಒಂದೇ ಬಲಕ್ಕೆ ಹೋಗಿ ಏನು ಮಾಡೀತು? ಒಡೆಯ ಲಿಸ್ಬನ್ನಿನಲ್ಲಿ ಕೂತಿದ್ದರೂ ರಸ್ತೆಯ ವಿಷಯದಲ್ಲಿ ನಡೆದದ್ದು ನೆರೆಯವರ ಮಾತು. ಯಾವುದೇ ದೇಶದ ಕಥೆ ತೆಗೆದುಕೊಳ್ಳಿ, ಮೊದಲು ಅದರ ಗಡಿಯಾಚೆ ಯಾರಿದ್ದಾರೆ ನೋಡಿ.

ಬೇಲೂರಿನವಳು · ಭಾನುವಾರ ರಾತ್ರಿ 11:47

ಮೇಷ್ಟ್ರ ಮಾತು ನೂರಕ್ಕೆ ನೂರು ನಿಜ. ನಾನು ಬೇಲೂರಿನವಳು, ಆರು ವರ್ಷದಿಂದ ಸ್ಟಾಕ್‌ಹೋಮಿನಲ್ಲಿದ್ದೀನಿ. ಇಲ್ಲಿನ ಕಥೆ ಬರೆಯದೆ ಮಲಗೋಕೆ ಮನಸ್ಸಾಗ್ತಿಲ್ಲ.

ಸ್ವೀಡನ್ ಎಡಕ್ಕೆ ಓಡಿಸ್ತಿದ್ದಾಗ ಪಕ್ಕದ ನಾರ್ವೆ, ಫಿನ್ಲೆಂಡ್ ಎರಡೂ ಬಲ. ಗಡಿ ಅಂದರೆ ಸಮುದ್ರವಲ್ಲ, ಭೂಮಿ. ಕಾಡಿನ ನಡುವೆ ಹೋಗೋ ಸಣ್ಣ ಸಣ್ಣ ರಸ್ತೆಗಳಲ್ಲಿ ನಾರ್ವೆಯವರು ಇತ್ತ ಬರ್ತಿದ್ರು, ಇವರು ಅತ್ತ ಹೋಗ್ತಿದ್ರು. ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಇಲ್ಲಿನ ಬಹುಪಾಲು ಕಾರುಗಳ ಸ್ಟಿಯರಿಂಗ್ ಆಗಲೇ ಎಡಗಡೆ ಇತ್ತು! ರಸ್ತೆಯೂ ಎಡ, ಸ್ಟಿಯರಿಂಗೂ ಎಡ. ಅಂದರೆ ಓಡಿಸೋರು ರಸ್ತೆಯಂಚಿನ ಹುಲ್ಲು ನೋಡ್ತಾ ಹೋಗಬೇಕು, ಮುಂದಿನ ಲಾರಿ ದಾಟಬೇಕಾದರೆ ಎದುರಿಗೆ ಏನು ಬರ್ತಿದೆ ಅಂತ ಕಾಣೋದೇ ಇಲ್ಲ.

ಜನ ಒಪ್ಪಿದ್ರಾ? ಇಲ್ಲ. 1955ರಲ್ಲಿ ಜನಮತ ಕೇಳಿದಾಗ ನೂರಕ್ಕೆ 83 ಮಂದಿ ಬೇಡ ಅಂದ್ರು. ಎಂಟು ವರ್ಷ ಬಿಟ್ಟು, 1963ರಲ್ಲಿ ಸಂಸತ್ತು ಬದಲಾಯಿಸೋದೇ ಸರಿ ಅಂತ ತೀರ್ಮಾನ ಮಾಡ್ತು. ಜನಮತವನ್ನು ಮೀರಿ ಮಾಡಿದ್ದು ಸರಿಯಾ ಅಂತ ನಾನು ಬಹಳ ಸಲ ಯೋಚಿಸಿದ್ದೀನಿ. ಕಾರುಗಳು ವರ್ಷ ವರ್ಷ ಹೆಚ್ಚುತ್ತಿದ್ದವು, ಒಂದೊಂದು ವರ್ಷ ತಡ ಮಾಡಿದಷ್ಟೂ ಖರ್ಚೂ ಅಪಾಯವೂ ಬೆಳೀತಿತ್ತು. ಸರಿ ಅಂತಲೇ ಅನ್ನಿಸುತ್ತೆ ನನಗೆ.

1967ರ ಸೆಪ್ಟೆಂಬರ್ 3, ಭಾನುವಾರ. ರಾತ್ರಿ ಒಂದು ಗಂಟೆಯಿಂದಲೇ ತುರ್ತು ಕೆಲಸದ ಗಾಡಿ ಬಿಟ್ಟು ಬೇರೆ ಯಾವುದೂ ರಸ್ತೆಗೆ ಇಳಿಯುವ ಹಾಗಿರಲಿಲ್ಲ. ಇದ್ದ ಗಾಡಿಗಳು 4:50ಕ್ಕೆ ನಿಂತಲ್ಲೇ ನಿಲ್ಲಬೇಕು, ಮೆಲ್ಲಗೆ ಬಲಗಡೆಗೆ ದಾಟಬೇಕು, ಮತ್ತೆ ನಿಲ್ಲಬೇಕು. ಐದು ಹೊಡೆದ ಮೇಲೆ ಹೊರಡಬೇಕು. ನಮ್ಮ ಮನೆ ಓನರ್ ಅಜ್ಜಿ ಆಗ ಶಾಲೆಯ ಹುಡುಗಿ. ಅಪ್ಪನ ಕೈ ಹಿಡಿದು ನೋಡೋಕೆ ಹೋಗಿದ್ದರಂತೆ. "ಅಷ್ಟು ಜನ ಸೇರಿದ್ರೂ ಸದ್ದೇ ಇರಲಿಲ್ಲ, ಗಾಡಿಗಳು ಮನೆಯಲ್ಲಿ ಮಗು ಮಲಗಿರೋ ಹಾಗೆ ಮೆತ್ತಗೆ ದಾಟಿದವು" ಅಂತ ಹೇಳ್ತಾರೆ.

ಅದರ ಹಿಂದೆ ನಾಲ್ಕು ವರ್ಷದ ಕೆಲಸ ಇತ್ತು. ಸುಮಾರು 3,60,000 ಫಲಕಗಳನ್ನು ಬದಲಾಯಿಸಿದ್ರು. ಹೊಸ ಗೆರೆಗಳನ್ನು ಮೊದಲೇ ಎಳೆದು ಕಪ್ಪು ಪಟ್ಟಿ ಅಂಟಿಸಿ ಮುಚ್ಚಿಟ್ಟಿದ್ರು. ಹೆಡ್‌ಲೈಟ್ ಬದಲಾಯಿಸಿದ್ರು. ಹಾಲಿನ ಪೊಟ್ಟಣದ ಮೇಲೂ ಆ ದಿನದ ಗುರುತು ಅಚ್ಚಾಗಿತ್ತು, ಒಳಉಡುಪಿನ ಮೇಲೂ! ಮರುದಿನ ಸೋಮವಾರ ಇಡೀ ದೇಶದಲ್ಲಿ 125 ಅಪಘಾತ ದಾಖಲಾದವು. ಅದಕ್ಕೆ ಮುಂಚಿನ ಸೋಮವಾರಗಳಲ್ಲಿ 130ರಿಂದ 198ರವರೆಗೆ ಆಗ್ತಿದ್ದವು.

ರೈಡರ್ ತಮ್ಮಾ, ಇದನ್ನು ಓದಿ ಬಲ ಹೆಚ್ಚು ಸುರಕ್ಷಿತ ಅನ್ಕೋಬೇಡ. ಜನ ಹೆದರಿಕೊಂಡು, ಮೈಯೆಲ್ಲ ಕಣ್ಣಾಗಿ ಓಡಿಸಿದ್ದರಿಂದ ಕಡಿಮೆಯಾಗಿತ್ತು. ಹೆದರಿಕೆ ಕರಗಿದ ಹಾಗೆ ಅಪಘಾತಗಳೂ ವಾಪಸ್ ಬಂದವು, ಎರಡು ವರ್ಷದಲ್ಲಿ ಹಳೇ ಮಟ್ಟಕ್ಕೆ.

ರೈಲು ಮಾತ್ರ ಬದಲಾಗಲೇ ಇಲ್ಲ. ಇವತ್ತಿಗೂ ಇಲ್ಲಿನ ರೈಲು ಎಡಹಳಿಯಲ್ಲೇ ಹೋಗುತ್ತೆ, ನಮ್ಮೂರ ಕಡೆಯ ಜೋಡಿಹಳಿಯ ಹಾಗೆ. ಮೆಟ್ರೋಗೆ ಕಾಯ್ತಾ ನಿಂತಾಗ ಅದು ಬರೋ ದಿಕ್ಕು ನೋಡಿ ನನಗೆ ಅರಸೀಕೆರೆ ಜಂಕ್ಷನ್ ನೆನಪಾಗುತ್ತೆ.

ತೋಟದ_ಜೀಪು · ಸೋಮವಾರ ಬೆಳಗ್ಗೆ 6:12

ಬೇಲೂರಿನ ತಂಗಿ ಬರೆದ ಎಡ ಸ್ಟಿಯರಿಂಗ್ ಕಷ್ಟ ನನಗೆ ಅಂಗೈಗೆರೆಯಷ್ಟು ಚೆನ್ನಾಗಿ ಗೊತ್ತು. ನಮ್ಮದು ಮೂಡಿಗೆರೆ ಹತ್ತಿರ ತೋಟ. ಅಜ್ಜನ ಕಾಲದ ಎಡ ಸ್ಟಿಯರಿಂಗ್ ಜೀಪು ಇನ್ನೂ ಓಡ್ತಾ ಇದೆ. ಎರಡನೇ ಮಹಾಯುದ್ಧಕ್ಕೆ ಅಂತ ಅಮೆರಿಕದವರು ಮಾಡಿದ ಜೀಪುಗಳು ಹಾಗೆಯೇ ಇದ್ದವು, ಯುದ್ಧ ಮುಗಿದ ಮೇಲೆ ಮಲೆನಾಡಿನ ತೋಟಗಳಿಗೆ ಅಂಥವು ಬಂದು ಸೇರಿಕೊಂಡವು.

ತೋಟದೊಳಗೆ ಅದರಂಥ ಗಾಡಿ ಇನ್ನೊಂದಿಲ್ಲ. ಧರೆಯ ಅಂಚು ಕೂತಲ್ಲಿಂದಲೇ ಕಾಣುತ್ತೆ, ಚಕ್ರ ಎಲ್ಲಿ ಇಡ್ತಿದ್ದೀನಿ ಅಂತ ಬಗ್ಗಿ ನೋಡಬಹುದು. ಆದರೆ ಚಾರ್ಮಾಡಿ ಘಾಟಿಗೆ ತಗೊಂಡು ಹೋದರೆ ಬೇರೆ ಪ್ರಪಂಚ. ಮುಂದೆ ಜಲ್ಲಿ ಲಾರಿ ತೆವಳ್ತಿರುತ್ತೆ, ನನಗೆ ಅದರ ಹಿಂಬದಿ ಬಿಟ್ಟು ಬೇರೇನೂ ಕಾಣಲ್ಲ. ಎದುರು ಏನಿದೆ ಅಂತ ನೋಡಬೇಕಾದರೆ ಜೀಪಿನ ಮುಕ್ಕಾಲು ಭಾಗ ಎದುರು ಲೇನಿಗೆ ನುಗ್ಗಿರಬೇಕು. ಅಪ್ಪ ಓಡಿಸುವಾಗ ಬಲಗಡೆ ಸೀಟಲ್ಲಿ ತೋಟದ ಲೆಕ್ಕ ಬರೆಯೋ ರೈಟರು ಕೂತಿರ್ತಿದ್ರು. ಅವರು ಕತ್ತು ಹೊರಗೆ ಹಾಕಿ "ತಡೀರಿ… ತಡೀರಿ… ಈಗ ಹೋಗಿ" ಅಂತ ಹೇಳಬೇಕು, ಅಪ್ಪ ಅವರ ಬಾಯಿ ನಂಬಿ ಆಕ್ಸಿಲರೇಟರ್ ಒತ್ತಬೇಕು. ನಾನು ಹಿಂದೆ ಚೀಲಗಳ ಮೇಲೆ ಕೂತು ಕಣ್ಣು ಮುಚ್ಚಿಕೊಳ್ತಿದ್ದೆ.

ಕೈಸನ್ನೆಯೂ ಅಷ್ಟೆ. ಎಡಗಡೆ ಕೂತವನು ಕೈ ಹೊರಗೆ ಚಾಚಿದ್ರೆ ಬಲಗಡೆಯಿಂದ ದಾಟೋನಿಗೆ ಕಾಣಲ್ಲ. ಎಡ ಸ್ಟಿಯರಿಂಗ್ ಗಾಡಿಗೆ ಯಂತ್ರದ್ದೋ ಕರೆಂಟಿನದ್ದೋ ಸಿಗ್ನಲ್ ಇರಲೇಬೇಕು ಅಂತ ನಮ್ಮ 1988ರ ಮೋಟಾರು ವಾಹನ ಕಾಯ್ದೆಯ 120ನೇ ಕಲಮು ಹೇಳೋದು ಇದಕ್ಕೇ.

ಒಂದು ಜೀಪಿಗೇ ಇಷ್ಟು. ಇಡೀ ದೇಶದ ಕಾರುಗಳು ಹಾಗಿದ್ರೆ ಸ್ವೀಡನ್ನಿನವರು ಕಾರು ಬದಲಾಯಿಸೋ ಬದಲು ರಸ್ತೆ ಬದಲಾಯಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ನಿವೃತ್ತ_ಮೆಕ್ಯಾನಿಕ್_ಹಾಸನ · ಸೋಮವಾರ ಬೆಳಗ್ಗೆ 10:05

ಎಲ್ಲಾರೂ ಕಾರಿನ ಮಾತಾಡ್ತಿದ್ದೀರಿ, ಬಸ್ಸಿನ ಮಾತು ಯಾರೂ ಎತ್ತಲಿಲ್ಲ. ನಾನು ಹಾಸನದಲ್ಲಿ ಬಸ್ ಬಾಡಿ ಕಟ್ಟೋ ಕೆಲಸದಲ್ಲೇ ಕೂದಲು ಬೆಳ್ಳಗೆ ಮಾಡ್ಕೊಂಡೋನು.

ಕಾರಿನೋನು ಬಲಕ್ಕೆ ಹೋದ್ರೂ ಎಡಕ್ಕೆ ಹೋದ್ರೂ ಹೆಂಗೋ ಇಳೀತಾನೆ. ಬಸ್ಸಿಗೆ ಬಾಗಿಲು ಒಂದೇ ಬದಿ. ನಾಳೆ ಬೆಳಗ್ಗೆಯಿಂದ ಬಲಕ್ಕೆ ಹೋಗಿ ಅಂದ್ರೆ ಪ್ಯಾಸೆಂಜರ್ ಇಳಿಯೋದು ಎಲ್ಲಿಗೆ? ನಡುರಸ್ತೆಗೆ. ಕಂಕುಳಲ್ಲಿ ಮಗು, ತಲೆ ಮೇಲೆ ಗಂಟು ಇಟ್ಕೊಂಡು ಇಳಿಯೋ ಹೆಂಗಸನ್ನ ನೆನೆಸ್ಕೊಳಿ. ಕಂಡಕ್ಟ್ರು ಹೋಲ್ಡಾನ್ ಅಂದ ತಕ್ಷಣ ಕಾಲಿಡೋ ಅಭ್ಯಾಸ ಅವ್ರಿಗೆ. ಹಿಂದಿಂದ ಲಾರಿ ಬರ್ತಿರುತ್ತೆ.

ಬಾಗಿಲು ಬದಲಾಯಿಸೋದು ಅಂದ್ರೆ ಒಂದು ಕಡೆ ಶೀಟು ಕತ್ತರಿಸಿ ಇನ್ನೊಂದು ಕಡೆ ಮುಚ್ಚಿದ್ರೆ ಆಯ್ತು ಅನ್ಕೋಬೇಡಿ. ಬಸ್ಸಿನ ಭಾರ ಹೊರೋದು ಪಿಲ್ಲರು. ಬಾಗಿಲು ಬರೋ ಜಾಗದಲ್ಲಿ ಪಿಲ್ಲರ್ ಕಡೀಬೇಕು, ಕಡಿದ ಬಲವನ್ನ ಸುತ್ತ ಚೌಕಟ್ಟಿಗೆ ಹಂಚಬೇಕು. ನೆಲಹಾಸು ಕಿತ್ತು ಮೆಟ್ಟಿಲಿನ ಗುಂಡಿ ಇಳಿಸಬೇಕು. ಆ ಜಾಗದ ಕೆಳಗೆ ಟ್ಯಾಂಕೋ ಬ್ಯಾಟರಿಯೋ ಸಿಕ್ಕಿದ್ರೆ ಅದನ್ನೂ ಎಬ್ಬಿಸಬೇಕು. ಸೀಟುಗಳೆಲ್ಲ ಅದಲು ಬದಲು. ಹಳೇ ಬಾಗಿಲು ಮುಚ್ಚಿದ ಕಡೆ ಎಷ್ಟೇ ಚೆನ್ನಾಗಿ ವೆಲ್ಡ್ ಮಾಡಿದ್ರೂ ನಾಲ್ಕು ಮಳೆಗಾಲದಲ್ಲಿ ತುಕ್ಕು ಅಲ್ಲಿಂದಲೇ ಶುರುವಾಗೋದು. ಸ್ಟಿಯರಿಂಗ್ ಬಾಕ್ಸು, ಪೆಡಲ್ಲು ಆ ಕಡೆಗೆ ಹಾಕೋದಂತೂ ಇನ್ನೊಂದು ಜನ್ಮದ ಕೆಲಸ.

ಸ್ವೀಡನ್‌ನಲ್ಲಿ ಸುಮಾರು ಎಂಟು ಸಾವಿರ ಹಳೇ ಬಸ್ಸಿಗೆ ಹಿಂಗೆ ಬಾಗಿಲು ಮಾಡಿದ್ರಂತೆ, ಜೊತೆಗೆ ಒಂದು ಸಾವಿರ ಹೊಸದು ಕೊಂಡ್ರು. ಕೆಲವು ಊರಿನೋರು ಹಳೇ ಬಸ್ಸುಗಳನ್ನ ಪಾಕಿಸ್ತಾನಕ್ಕೂ ಕೀನ್ಯಾಕ್ಕೂ ಮಾರಿಬಿಟ್ರು, ಅಲ್ಲಿ ಎಡ ಅಲ್ವಾ. ಸ್ಟಾಕ್‌ಹೋಮಿನ ಬೀದಿ ಟ್ರ್ಯಾಮು ಹೆಚ್ಚಿನವು ಆ ಸಲವೇ ನಿಂತೋದ್ವು. ದುಡ್ಡಿರೋ ದೇಶ, ಮಾಡ್ಕೊಂಡ್ರು.

ಬರ್ಮಾ ನೋಡಿ. 1970ರಲ್ಲಿ ಅಲ್ಲಿನ ಮಿಲಿಟರಿ ಸರ್ಕಾರ ಎಡದಿಂದ ಬಲಕ್ಕೆ ಅಂತ ಹೇಳಿಬಿಡ್ತು. ರಸ್ತೆ ಬದಲಾಯ್ತು, ಗಾಡಿ ಬದಲಾಗಲಿಲ್ಲ. ನಲವತ್ತು ವರ್ಷ ಆದ್ಮೇಲೂ ಜಪಾನಿಂದ ಬಂದ ಹಳೇ ಬಸ್ಸುಗಳು ಬಾಗಿಲು ಎಡಕ್ಕೇ ಇಟ್ಕೊಂಡು ಬಲಗಡೆ ಓಡ್ತಿದ್ವು. ಜನ ಇಳೀತಿದ್ದದ್ದು ರಸ್ತೆ ಮಧ್ಯಕ್ಕೆ. ಅಪ್ಪಣೆ ಕೊಟ್ಟೋರು ಯಾರೂ ಆ ಬಸ್ಸಿಂದ ಇಳಿದಿರಲ್ಲ. ಇದನ್ನ ನೆನೆಸ್ಕೊಂಡ್ರೆ ನನಗೆ ಸಿಟ್ಟು ಬರುತ್ತೆ.

ಚಿಕ್ಕಮಗಳೂರು_ರೈಡರ್ · ಸೋಮವಾರ ಮಧ್ಯಾಹ್ನ 1:20

ಬಸ್ಸಿನ ವಿಷಯ ನಿಜಕ್ಕೂ ನನ್ನ ತಲೆಗೆ ಹೊಳೆದಿರಲಿಲ್ಲ ಸರ್. ಬಲವೇ ಉತ್ತಮ ಅಂದದ್ದನ್ನು ವಾಪಸ್ ತಗೋತೀನಿ. ಕೂತು ಒಂದಿಷ್ಟು ಓದಿದೆ. ಬಲದಿಂದ ಎಡಕ್ಕೆ ಬಂದ ದೇಶವೂ ಇದೆ, ಅದೂ ಮೊನ್ನೆ ಮೊನ್ನೆ. ಸಮೋವಾ, ಪೆಸಿಫಿಕ್ ಸಾಗರದ ದ್ವೀಪ.

ಹಿಂದೆ ಜರ್ಮನಿಯ ವಸಾಹತಾಗಿದ್ದರಿಂದ ಅಲ್ಲಿ ಬಲ ಇತ್ತು. ಆದರೆ ಅಲ್ಲಿನ ಜನ ದುಡಿಯೋಕೆ ಹೋಗೋದು ನ್ಯೂಜಿಲೆಂಡಿಗೆ, ಆಸ್ಟ್ರೇಲಿಯಾಕ್ಕೆ. ಅವೆರಡೂ ಎಡ. ಅಲ್ಲಿರೋ ಅಣ್ಣನೋ ಚಿಕ್ಕಪ್ಪನೋ ತಾನು ಬಳಸಿದ ಕಾರನ್ನು ಊರಿಗೆ ಕಳಿಸಿದ್ರೆ ಸ್ಟಿಯರಿಂಗ್ ತಪ್ಪು ಬದಿಯಲ್ಲಿರುತ್ತೆ. ಎಡ ಸ್ಟಿಯರಿಂಗ್ ಕಾರು ದೂರದ ಅಮೆರಿಕದಿಂದ ದುಬಾರಿ ದುಡ್ಡಿಗೆ ಬರಬೇಕು. ಅದಕ್ಕೆ ಪ್ರಧಾನಿ ತುಯಿಲಾಎಪ 2009ರ ಸೆಪ್ಟೆಂಬರ್ 7ರಂದು ಇಡೀ ದೇಶವನ್ನೇ ಎಡಕ್ಕೆ ತಂದ್ರು. ಎರಡು ದಿನ ರಜೆ, ಮೂರು ದಿನ ಮದ್ಯ ಮಾರಾಟ ಬಂದ್, ವೇಗದ ಮಿತಿ ಇಳಿಸಿ, ರಸ್ತೆಗೆಲ್ಲ ಉಬ್ಬು ಹಾಕಿದ್ರು. ವಿರೋಧ ಇತ್ತು, ಮೆರವಣಿಗೆ ಆಯ್ತು, ಕೋರ್ಟಿಗೂ ಹೋದ್ರು. ಬಸ್ಸಿನವರ ಗೋಳು ಅಲ್ಲೂ ಇದೇ, ಬಾಗಿಲು.

ಆಗ ಅಲ್ಲಿನ ಜನಸಂಖ್ಯೆ ಎರಡು ಲಕ್ಷಕ್ಕೂ ಕಡಿಮೆ ಇತ್ತು. ಹಾಸನ ಜಿಲ್ಲೆ ಒಂದರಲ್ಲೇ 2011ರ ಗಣತಿಯಲ್ಲಿ 17 ಲಕ್ಷ ದಾಟಿತ್ತು. ನಮ್ಮ ದೇಶದಲ್ಲಿ ನೋಂದಣಿಯಾದ ಗಾಡಿಗಳು 30 ಕೋಟಿಗೂ ಹೆಚ್ಚು. ನೇಪಾಳ, ಭೂತಾನ್, ಬಾಂಗ್ಲಾ, ಶ್ರೀಲಂಕಾ, ಪಾಕಿಸ್ತಾನ ಎಲ್ಲವೂ ಎಡ. ಮೇಷ್ಟ್ರು ಹೇಳಿದ ಹಾಗೆ ಗಡಿಯಾಚೆ ನೋಡಿದ್ರೆ ನಮಗೆ ಬದಲಾಗೋ ಕಾರಣವೇ ಇಲ್ಲ. ಮಣಿಪುರದ ಗಡಿಯೂರು ಮೋರೆ ದಾಟಿ ಮ್ಯಾನ್ಮಾರ್, ಅಂದ್ರೆ ಬರ್ಮಾ, ಸೇರಿದ ಮೇಲೆ ಬಲ. ಭಾರತ–ಮ್ಯಾನ್ಮಾರ್–ಥಾಯ್ಲೆಂಡ್ ಹೆದ್ದಾರಿ ಪೂರ್ತಿಯಾದ ದಿನ ಬೈಕಲ್ಲಿ ಹೋಗೋ ಆಸೆ ನನಗೆ. ಎಡದಲ್ಲಿ ಹೊರಟು, ಬಲಕ್ಕೆ ಬದಲಾಗಿ, ಥಾಯ್ಲೆಂಡಲ್ಲಿ ಮತ್ತೆ ಎಡಕ್ಕೆ ಬರಬೇಕು.

ಇತಿಹಾಸ_ಮೇಷ್ಟ್ರು · ಸೋಮವಾರ ಸಂಜೆ 5:50

ರೈಡರ್, ಹೀಗೆ ಓದಿ ಅಭಿಪ್ರಾಯ ಬದಲಿಸಿಕೊಳ್ಳುವ ಹುಡುಗರನ್ನು ಕಂಡರೆ ನನಗೆ ತುಂಬ ಸಂತೋಷ. ಇದೇ ಸಾಲಿಗೆ ನೈಜೀರಿಯಾ, ಘಾನಾ ಸೇರಿಸಿಕೊಳ್ಳಿ. ಬ್ರಿಟಿಷರು ಕಲಿಸಿದ ಎಡವನ್ನು ನೈಜೀರಿಯಾ 1972ರಲ್ಲಿ, ಘಾನಾ 1974ರಲ್ಲಿ ಬಿಟ್ಟವು. ಸುತ್ತ ಇದ್ದವು ಫ್ರೆಂಚರು ಆಳಿ ಬಲಕ್ಕೆ ರೂಢಿಸಿದ ದೇಶಗಳು.

ಬಸ್ಸಿನ ಮಾತು ಓದಿದಾಗ ಇನ್ನೊಂದು ನೆನಪಾಯಿತು. ಕೆನಡಾದ ನೋವಾಸ್ಕೋಷಿಯಾ ಪ್ರಾಂತ್ಯ 1923ರಲ್ಲಿ ಎಡದಿಂದ ಬಲಕ್ಕೆ ಬದಲಾಯಿತು. ಅಲ್ಲಿನ ಲೂನೆನ್‌ಬರ್ಗ್ ಸೀಮೆಯಲ್ಲಿ ಆಗಿನ್ನೂ ಎತ್ತಿನ ಗಾಡಿಗಳು. ಎಡಕ್ಕೆ ನಡೆದು ರೂಢಿಯಾದ ಎತ್ತುಗಳು ಬಲಕ್ಕೆ ಒಗ್ಗಲೇ ಇಲ್ಲ. ಯಜಮಾನರು ಅವನ್ನು ಕಟುಕರಿಗೆ ಕೊಟ್ಟರು. ಪೇಟೆಯಲ್ಲಿ ಮಾಂಸದ ಬೆಲೆ ಕುಸಿದುಹೋಗಿ, ಜನ ಅದನ್ನು ಬಿಟ್ಟಿ ಮಾಂಸದ ವರ್ಷವೆಂದೇ ಕರೆದರು.

ಹಳ್ಳಿಕಾರ್_ಜೋಡಿ · ಸೋಮವಾರ ರಾತ್ರಿ 8:35

ಮೇಷ್ಟ್ರೇ, ಓದಿ ಹೊಟ್ಟೆ ಚುರ್ ಅಂತು. ನಮ್ದು ಚನ್ನರಾಯಪಟ್ಟಣ ತಾಲ್ಲೂಕು, ಮನೇಲಿ ಹಳ್ಳಿಕಾರ್ ಎತ್ತು ಇನ್ನೂ ಅವೆ.

ಎತ್ತು ಒಗ್ಗಲಿಲ್ಲ ಅನ್ನೋದು ಸುಳ್ಳಲ್ಲ ಕಣ್ರಿ. ಎಡಗೋಲಿಗೆ, ಅಂದ್ರೆ ನೊಗದ ಎಡಬದಿಗೆ, ಪಳಗಿದ ಎತ್ತನ್ನ ಬಲಗೋಲಿಗೆ ಕಟ್ಟಿ ನೋಡಿ, ನೊಗಕ್ಕೆ ಕತ್ತೇ ಕೊಡಲ್ಲ. ಕೊಟ್ರೂ ಜೋಡಿ ಕಡೆಗೆ ವಾಲ್ಕೊಂಡು ವಾಲ್ಕೊಂಡು ಗಾಡಿ ಸೊಟ್ಟ ಎಳೀತದೆ. ಬೂಕನಬೆಟ್ಟದ ಜಾತ್ರೇಲಿ ಎತ್ತು ನೋಡೋರು ಹಲ್ಲೆಷ್ಟು ಅಂತ ಕೇಳಿದ್ಮೇಲೆ ಕೇಳೋದೇ ಯಾವ ಕೋಲಿಗೆ ಅಂತ. ಎರಡು ಹಲ್ಲಿನ ಕರ ಆದ್ರೆ ತಿದ್ದಬಹುದು. ಹಲ್ಲೆಲ್ಲ ಬಂದು ಬಾಯ್ಗೂಡಿದ ಎತ್ತನ್ನ ತಿದ್ದಕ್ಕಾಗಲ್ಲ.

ರಸ್ತೆ ಬದಿನೂ ಹಂಗೇಯ. ನಮ್ಮಪ್ಪ ತೆಂಗಿನಕಾಯಿ ಹೇರ್ಕೊಂಡು ರಾತ್ರಿ ಹೊತ್ತು ಸಂತೆಗೆ ಹೊರಡೋರು. ಊರಾಚೆ ದಾಟ್ತಿದ್ದಂಗೆ ಕಂಬಳಿ ಹೊದ್ಕೊಂಡು ಗಾಡಿ ಮೇಲೇ ಮಲಗೋರು. ಎತ್ತು ಅವುಗಳ ಪಾಡಿಗೆ ಎಡಕ್ಕೆ ನಡ್ಕೊಂಡು ಹೋಗೋವು. ಹಿಂದಿಂದ ಲಾರಿ ಸದ್ದು ಬಂದ್ರೆ ಯಾರೂ ಹಗ್ಗ ಜಗ್ಗದೇ ಇದ್ರೂ ಮಣ್ಣಿಗೆ ಇಳಿಯೋವು, ಲಾರಿ ಹೋದ್ಮೇಲೆ ತಾವೇ ಹತ್ತೋವು. ನಾನು ಸಣ್ಣೋನಿದ್ದಾಗ ಅಪ್ಪನ ಪಕ್ಕ ಮಲಗಿ ಚಕ್ರ ಡಾಂಬರಿಂದ ಮಣ್ಣಿಗೆ ಇಳಿದಾಗ ಸದ್ದು ಬದಲಾಗೋದನ್ನ ಕೇಳಿಸ್ಕೊತಿದ್ದೆ. ಅಂಥ ಎತ್ತಿಗೆ ನಾಳೆಯಿಂದ ಬಲಕ್ಕೆ ಹೋಗು ಅಂದ್ರೆ ಅದು ಏನ್ ತಿಳ್ಕೊಂಡೀತು? ಕಟುಕರಿಗೆ ಕೊಟ್ಟ ಮನೆಯೋರೂ ಅವತ್ತು ಉಂಡಿರಲ್ಲ.

ಬೇಲೂರಿನವಳು · ಸೋಮವಾರ ರಾತ್ರಿ 10:15

ಅಣ್ಣ, ಚಕ್ರದ ಸದ್ದಿನ ಮಾತು ಓದಿ ಕಣ್ಣು ತುಂಬಿ ಬಂತು.

ನನಗೂ ಇಲ್ಲಿ ಬಂದ ಹೊಸದರಲ್ಲಿ ಮೈಯೊಳಗೇ ಏನೋ ಒಂದು ಒಪ್ತಿರಲಿಲ್ಲ. ಯಾಕೆ ಅಂತ ತಿಳೀಲಿಲ್ಲ. ಒಂದು ದಿನ ಸರ್ಕಲ್ ಸುತ್ತುವಾಗ ಹೊಳೀತು. ಎಡಕ್ಕೆ ಓಡಿಸೋ ನಮ್ಮಲ್ಲಿ ಸರ್ಕಲ್ಲನ್ನು ಬಲಕ್ಕಿಟ್ಟುಕೊಂಡು ಸುತ್ತುತ್ತೀವಿ, ಅಂದರೆ ಪ್ರದಕ್ಷಿಣೆ. ಇಲ್ಲಿ ಸರ್ಕಲ್ ಎಡಕ್ಕಿರುತ್ತೆ, ಅಪ್ರದಕ್ಷಿಣೆ. ಚಿಕ್ಕವಳಿದ್ದಾಗ ದಿನಾ ಸಂಜೆ ಚೆನ್ನಕೇಶವನ ಗುಡಿಯ ಜಗತಿ ಮೇಲೆ ಅಜ್ಜಿಯ ಜೊತೆ ಸುತ್ತು ಹಾಕ್ತಿದ್ದೆ. ಬಲಗಡೆ ಆನೆಗಳ ಸಾಲು, ಕೈ ಚಾಚಿದರೆ ಕಲ್ಲು ಸಿಗಬೇಕು. ಆ ಅಭ್ಯಾಸ ಕಾಲಿಗೆ ಅಷ್ಟು ಆಳಕ್ಕೆ ಇಳಿದಿದೆ. ಎಡ ಓಡಾಟಕ್ಕೂ ಪ್ರದಕ್ಷಿಣೆಗೂ ಸಂಬಂಧ ಇದೆ ಅಂತ ಹೇಳ್ತಿಲ್ಲ. ನನ್ನ ಮೈಗೆ ಎರಡೂ ಒಂದೇ ಆಗಿದ್ದವು, ಅಷ್ಟೆ.

ಆಲೂರು_ಟು_ದುಬೈ · ಮಂಗಳವಾರ ಬೆಳಗ್ಗೆ 7:30

ಹೇಮಾವತಿ ಅಣ್ಣ, ನಿಮ್ಮ ಭಾವನಿಗೆ ಇದನ್ನು ಓದಿ ಹೇಳಿ. ನಾನು ಹದಿನಾಲ್ಕು ವರ್ಷ ದುಬೈಯಲ್ಲಿ ಟ್ರೇಲರ್ ಓಡಿಸಿದೋನು. ಅಲ್ಲಿ ಬಲ, ರಜಕ್ಕೆ ಬಂದ್ರೆ ಇಲ್ಲಿ ಎಡ. ಪ್ರತಿ ವರ್ಷ ಎರಡು ಸಲ ಸ್ವೀಡನ್ ಆಗಿದ್ದೀನಿ.

ತಪ್ಪು ಆಗೋದು ಟ್ರಾಫಿಕ್ಕಲ್ಲಿ ಅಲ್ಲ. ಮುಂದೆ ಗಾಡಿ ಇದ್ರೆ ಅದರ ಹಿಂದೆ ಹೋಗ್ತೀವಿ. ತಪ್ಪೋದು ಖಾಲಿ ರಸ್ತೆಯಲ್ಲಿ, ಅದೂ ನಿಂತು ಹೊರಡುವಾಗ. ಬಂಕಿಂದ ಬಂದಾಗ, ಟೀ ಕುಡಿದು ಹೊರಟಾಗ, ರಿವರ್ಸ್ ತೆಗೆದಾಗ. ಬೆಳಗಿನ ಜಾವ ಇನ್ನೂ ಹೆಚ್ಚು. ನಿಮ್ಮ ಭಾವನಿಗೆ ಆದದ್ದು ಲೆಕ್ಕ ಹಾಕಿದ ಹಾಗಿದೆ.

ನಮ್ಮ ಜೊತೆಗಿದ್ದ ಹಳೇ ಡ್ರೈವರೊಬ್ಬರು ಹೇಳಿಕೊಟ್ಟದ್ದು ಒಂದೇ ಮಾತು: ಎಡ ಬಲ ಮರೆತುಬಿಡು, ನೀನು ಕೂತ ಬದಿ ರಸ್ತೆಯ ನಡುವಿಗಿರಬೇಕು, ಪಕ್ಕದ ಸೀಟು ಅಂಚಿಗಿರಬೇಕು. ಯಾವ ದೇಶಕ್ಕೆ ಹೋದ್ರೂ ಇದು ಬದಲಾಗಲ್ಲ. ಗಾಡಿ ಆ ದೇಶದ್ದೇ ಆಗಿರಬೇಕು ಅಷ್ಟೆ, ತೋಟದ ಅಣ್ಣನ ಜೀಪಿಗೆ ನಡೆಯಲ್ಲ. ಪಕ್ಕದಲ್ಲಿ ಕೂತೋರು ಫೋನ್ ಕೆಳಗಿಡಬೇಕು. ಹೊರಡೋ ಮುಂಚೆ "ನಾನು ಅಂಚಿಗಿದ್ದೀನಿ" ಅಂತ ಬಾಯಿ ಬಿಟ್ಟು ಹೇಳಬೇಕು.

ಹೆಡ್‌ಲೈಟ್ ಮಾತು ಬೇಲೂರಿನ ಅಕ್ಕ ಬರೆದ್ರು. ಡಿಮ್ ಹಾಕಿದಾಗ ನಮ್ಮ ಗಾಡಿ ಬೆಳಕು ಎಡ ಅಂಚಿನ ಕಡೆ ಸ್ವಲ್ಪ ಎತ್ತರಕ್ಕೆ ಬೀಳುತ್ತೆ, ನಡೆಯೋರು ಕಾಣಲಿ ಅಂತ. ಅದೇ ಗಾಡಿ ಬಲಗಡೆ ಓಡಿದ್ರೆ ಆ ಬೆಳಕು ಸೀದಾ ಎದುರಿನೋನ ಕಣ್ಣಿಗೆ. ಹೆದ್ದಾರಿಯಲ್ಲಿ ಎದುರು ಬರೋ ಬೈಕಿನೋರಿಗೂ ಇದನ್ನು ಹೇಳಬೇಕು. ಶಾಂತಿಗ್ರಾಮದಿಂದ ಚನ್ನರಾಯಪಟ್ಟಣದವರೆಗೆ ನೋಡಿ, ಡಿವೈಡರ್ ಸಂದು ದೂರ ಅಂತ ಅದೆಷ್ಟು ಜನ ಅಂಚಿನಲ್ಲೇ ಎದುರು ಬರ್ತಾರೆ. ನಮ್ಮ ಚಿಕ್ಕಪ್ಪ ಕಾಲು ಕಳ್ಕೊಂಡದ್ದು ಹಾಗೆ ಬಂದ ಒಂದು ಬೈಕಿಂದ. ರಾತ್ರಿ ಎಂಟು ಗಂಟೆ, ಅವರು ತಮ್ಮ ಎಡಕ್ಕೇ ಸರಿಯಾಗಿ ಹೋಗ್ತಿದ್ರು. ಅವರು ನಂಬಿದ್ದು ಮೇಷ್ಟ್ರು ಹೇಳಿದ ಆ ನಂಬಿಕೆಯನ್ನೇ. ಹಳ್ಳಿಯೋರು ಎಲ್ಲಿ ದಾಟ್ತಾರೆ ಅಂತ ಕೇಳಿ ಸಂದು ಬಿಟ್ಟಿದ್ರೆ ಅರ್ಧ ಜನ ಎದುರು ಬರ್ತಿರಲಿಲ್ಲ, ಅದೂ ನಿಜ.

ಹೇಮಾವತಿ_ತೀರ · ಮಂಗಳವಾರ ರಾತ್ರಿ 9:15

ಎಲ್ಲರಿಗೂ ಧನ್ಯವಾದ. ಪ್ರತಿ ಉತ್ತರವನ್ನೂ ಭಾವನಿಗೆ ಓದಿ ಹೇಳಿದೆ. ಬಸ್ಸಿನ ಬಾಗಿಲಿನದ್ದು, ಎತ್ತಿನದ್ದು ಎರಡನ್ನೂ ಅಮ್ಮ ಎರಡೆರಡು ಸಲ ಓದಿಸಿಕೊಂಡ್ರು.

ಭಾನುವಾರದಿಂದ ಭಾವ ಸ್ಟಿಯರಿಂಗ್ ಮುಟ್ಟಿರಲಿಲ್ಲ. ಇವತ್ತು ಬಾಳ್ಳುಪೇಟೆಗೆ ಹೋಗಬೇಕಿತ್ತು, ಅಮ್ಮನೇ ಕೀ ತಂದು ಅವರ ಕೈಗಿಟ್ರು. ವಾಪಸ್ ಬರುವಾಗ ಟೀಗೆ ನಿಲ್ಲಿಸಿದ್ವಿ. ಹೊರಡೋ ಮುಂಚೆ ನಾನು ಫೋನನ್ನು ಡ್ಯಾಶ್‌ಬೋರ್ಡ್ ಒಳಗೆ ಹಾಕಿ, "ನಾನು ಅಂಚಿಗಿದ್ದೀನಿ ಭಾವ" ಅಂದೆ. ಅವರು ತಮ್ಮ ಬಲಕ್ಕೆ ಕತ್ತು ಹೊರಳಿಸಿ ರಸ್ತೆ ನಡುವಿನ ಗೆರೆ ನೋಡಿ, "ನಾನು ನಡುವಿಗಿದ್ದೀನಿ" ಅಂದ್ರು. ಹಿಂದಿನ ಸೀಟಿಂದ ಅಮ್ಮ, "ಹಂಗಾದ್ರೆ ಹೊರಡ್ರಪ್ಪ, ಮನೇಲಿ ಹಾಲು ಕಾಯಿಸದೇ ಇಟ್ಟು ಬಂದಿದ್ದೀನಿ" ಅಂದ್ರು.

ಆ ಪಿಕಪ್ ಹುಡುಗನ ನಂಬರ್ ಅವತ್ತೇ ಇಸ್ಕೊಂಡಿದ್ದೆ. ಮದುವೆಗೆ ಕರೆದಿದ್ದೀವಿ, ಬರ್ತೀನಿ ಅಂದಿದ್ದಾನೆ.